ಮೈಟರ್ಡ್ ಚೌಕ ಸೇರಿಸಿ ಸ್ಕಾರ್ಫ್: ಚೌಕ ಹೋಗಿ ಗಾಳಿಪಟ ಆಗ್ತಿದೆ, ಸೇರಿಸಿದ ಕಡೆ ತೂತು, ಯಾರಾದ್ರೂ ಹೇಳಿ

ಹೆಣಿಗೆಹುಚ್ಚಿ:

ಎಲ್ರಿಗೂ ನಮಸ್ಕಾರ, ಇಲ್ಲಿ ಸ್ವೆಟರ್ ಹೆಣೆಯೋರು ತುಂಬ ಜನ ಇದೀರಲ್ಲ ಅದಕ್ಕೇ ಕೇಳ್ತಾ ಇದೀನಿ. ಮೈಟರ್ಡ್ ಸ್ಕ್ವೇರ್ ಅಂತ ಬರುತ್ತಲ್ಲ, ಚೌಕದ ಎರಡು ಬದಿಗೆ ಆಗೋಷ್ಟು ಸ್ಟಿಚ್ ಒಂದೇ ಸಲ ಹಾಕ್ಕೊಂಡು ನಟ್ಟನಡುವೆ ಕಳೀತಾ ಕಳೀತಾ ಹೋದ್ರೆ ಕೊನೆಗೆ ಒಂದೇ ಸ್ಟಿಚ್ ಉಳ್ದು ಮೂಲೆಯಿಂದ ಮೂಲೆಗೆ ಗೆರೆ ಇರೋ ಚೌಕ ಬರುತ್ತೆ, ಆ ಥರದ್ದು. ಒಂದು ಚೌಕ ಮುಗಿದ ಮೇಲೆ ಅದರ ಅಂಚಿಂದಲೇ ಸ್ಟಿಚ್ ಎತ್ಕೊಂಡು ಮುಂದಿನ ಚೌಕ ಶುರು, ಹೊಲಿಯೋ ಕೆಲಸವೇ ಇಲ್ಲ, ವಿಡಿಯೋದಲ್ಲಿ ನೋಡಿ ಆಸೆ ಆಯ್ತು. ಅಮ್ಮ ಸ್ವೆಟರ್ ಹೆಣೆದು ಉಳಿಸಿದ ಚಿಕ್ಕ ಚಿಕ್ಕ ಉಂಡೆಗಳು ಒಂದು ದಿಂಬಿನ ಕವರ್ ತುಂಬ ಇವೆ, ನಾವಿರೋದು ಸೋಮವಾರಪೇಟೆ ಹತ್ರ, ಚಳಿ ಶುರುವಾಗೋದ್ರೊಳಗೆ ಅತ್ತೆಗೊಂದು ಸ್ಕಾರ್ಫ್ ಮಾಡಿಕೊಡೋಣ ಅಂತ.

ಪ್ಯಾಟರ್ನ್ ಅಮೆರಿಕದ್ದು. 41 ಸ್ಟಿಚ್, 6 ನಂಬರ್ ಕಡ್ಡಿ. ಚೌಕ ಏನೋ ಆಗ್ತಿದೆ ಆದ್ರೆ ನಾಲ್ಕೂ ಬದಿ ಸಮ ಇಲ್ಲ, ಮೊದಲು ಸ್ಟಿಚ್ ಹಾಕಿದ ಎರಡು ಬದಿ ಗಿಡ್ಡ, ಆಮೇಲಿನ ಎರಡು ಬದಿ ಉದ್ದ, ಕೊನೆಯ ಮೂಲೆ ಚೂಪಾಗಿ ಮುಂದೆ ಬಂದು ಥೇಟ್ ಗಾಳಿಪಟ, ಸಾಲದ್ದಕ್ಕೆ ಅಂಚೆಲ್ಲ ಸುರುಳಿ ಸುತ್ಕೊಳ್ಳುತ್ತೆ. ಮುಂದಿನ ಚೌಕಕ್ಕೆ ಅಂಚಿಂದ 20 ಸ್ಟಿಚ್ ಎತ್ತಬೇಕು ಅಂತ ಬರೆದಿದೆ, ನನಗೆ ಒಂದ್ಸಲ 24 ಸಿಗುತ್ತೆ ಇನ್ನೊಂದ್ಸಲ 27, ಎಲ್ಲಿ ಬಿಟ್ಟು ಎಲ್ಲಿ ಎತ್ತಬೇಕು ಅನ್ನೋದೇ ತಿಳಿಯಲ್ಲ. ಚೌಕಗಳು ಸೇರೋ ಮೂಲೇಲಿ ಕಿರುಬೆರಳು ತೂರೋಷ್ಟು ತೂತು. ಸ್ವೆಟರ್ ನಾನು ಚೆನ್ನಾಗೇ ಹೆಣೀತೀನಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ, ಅದೇ ಕೈ ಇದಕ್ಕೂ, ಆದ್ರೂ ಯಾಕೆ ಹೀಗೆ?

ಕಡ್ಡಿರಂಗ:

ನಿಮ್ಮ ಪ್ರಶ್ನೆಯ ಕೊನೇ ಸಾಲಲ್ಲೇ ಉತ್ತರ ಇದೆ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹಾಕಿದ್ರೆ ಚೌಕ ಆಗಲ್ಲ. ಪ್ಯಾಟರ್ನ್‌ನಲ್ಲಿ ಎಲ್ಲಾ ಸಾಲೂ ನಿಟ್ ಅಂತಲೇ ಇರುತ್ತೆ ನೋಡಿ, ಹಿಂಬದಿ ಸಾಲೂ ಸೀದಾನೇ, ಈ ಹೆಣಿಗೆಗೆ ಗಾರ್ಟರ್ ಅಂತಾರೆ.

ಯಾಕೆ ಅಂತ ಹೇಳ್ತೀನಿ, ಅದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ಸಲೀಸು. ಗಾರ್ಟರ್‌ನಲ್ಲಿ ಎರಡು ಸಾಲು ಸೇರಿ ಒಂದು ಏಣು ಬರುತ್ತಲ್ಲ, ಆ ಒಂದು ಏಣಿನ ಎತ್ತರವೂ ಒಂದು ಸ್ಟಿಚ್‌ನ ಅಗಲವೂ ಹೆಚ್ಚುಕಮ್ಮಿ ಒಂದೇ. ನೀವು ಎರಡು ಸಾಲಿಗೊಮ್ಮೆ ನಡುವಲ್ಲಿ ಎರಡು ಸ್ಟಿಚ್ ಕಳೀತೀರಿ, ಅಂದ್ರೆ ಆ ಕಡೆಗೊಂದು ಈ ಕಡೆಗೊಂದು. ಅಗಲದಲ್ಲಿ ಒಂದು ಸ್ಟಿಚ್ ಹೋದಾಗ ಎತ್ತರದಲ್ಲಿ ಒಂದು ಏಣು ಬರುತ್ತೆ, ಲೆಕ್ಕ ಚುಕ್ತಾ, ನಾಲ್ಕೂ ಬದಿ ಸಮ. ಸೀದಾ-ಉಲ್ಟಾ ಹೆಣಿಗೇಲಿ ಸಾಲುಗಳು ಹಾಗೆ ಒತ್ತಿಕೊಂಡು ಕೂರಲ್ಲ, ಎರಡು ಸಾಲು ಅಂದ್ರೆ ಒಂದು ಸ್ಟಿಚ್‌ನ ಅಗಲದ ಸುಮಾರು ಒಂದೂವರೆಯಷ್ಟು ಎತ್ತರ ಆಗುತ್ತೆ, ಅದಕ್ಕೇ ಆಮೇಲಿನ ಎರಡು ಬದಿ ಉದ್ದ ಆಗಿ ತುದಿ ಚೂಪಾಗೋದು. ಸುರುಳಿ ಸುತ್ಕೊಳ್ಳೋದು ಆ ಹೆಣಿಗೆಯ ಹುಟ್ಟುಗುಣ, ನಿಮ್ಮ ಕೈದಲ್ಲ. ಗಾರ್ಟರ್ ಸುತ್ಕೊಳ್ಳಲ್ಲ, ಸ್ಕಾರ್ಫ್‌ಗೆ ಅದೇ ಬೇಕಾಗಿರೋದು.

ನಡುವೆ ಹೇಗೆ ಕಳೀತಾ ಇದೀರ ಅಂತ ಬರೆದಿಲ್ಲ. ಮೂರನ್ನ ಒಟ್ಟಿಗೆ ಹೆಣೆದ್ರೆ ಗೆರೆ ಬಲಕ್ಕೆ ವಾಲುತ್ತೆ. ಒಂದು ದಾಟಿಸಿ ಎರಡು ಒಟ್ಟಿಗೆ ಹೆಣೆದು ಮೇಲಿಂದ ಎತ್ತಿ ಹಾಕಿದ್ರೆ ಎಡಕ್ಕೆ. ನೆಟ್ಟಗೆ ಬರಬೇಕು ಅಂದ್ರೆ ಹೀಗೆ ಮಾಡಿ, ನಡು ಸ್ಟಿಚ್‌ಗಿಂತ ಒಂದು ಮುಂಚೆ ನಿಲ್ಲಿಸಿ, ಆ ಒಂದು ಮತ್ತೆ ನಡುದು ಎರಡಕ್ಕೂ ಒಟ್ಟಿಗೇ ಸೀದಾ ಹೆಣೆಯೋ ಹಾಗೆ ಕಡ್ಡಿ ಚುಚ್ಚಿ ಆದ್ರೆ ಹೆಣೀದೆ ಬಲಗಡೆ ಕಡ್ಡಿಗೆ ದಾಟಿಸಿ, ಮುಂದಿನದನ್ನ ಸೀದಾ ಹೆಣೀರಿ, ಆಮೇಲೆ ದಾಟಿಸಿದ ಎರಡನ್ನೂ ಎತ್ತಿ ಅದರ ಮೇಲಿಂದ ಇಳಿಸಿ. ನಡು ಸ್ಟಿಚ್ ಮೂರರ ಮೇಲೆ ಕೂತ್ಕೊಳ್ಳುತ್ತೆ. ಹಿಂಬದಿ ಸಾಲಲ್ಲಿ ಆ ನಡು ಸ್ಟಿಚ್ ಒಂದನ್ನ ಮಾತ್ರ ಉಲ್ಟಾ ಹಾಕಿ, ಗೆರೆ ಎದ್ದು ಕಾಣುತ್ತೆ. ಗುರುತಿಗೆ ಕಡ್ಡಿಗೆ ಹಾಕೋ ರಿಂಗ್ ಬೇಡ, ಪ್ರತಿ ಸಲ ಜಾಗ ಬದಲಾಯಿಸ್ಬೇಕು, ನಡು ಸ್ಟಿಚ್‌ಗೇ ಒಂದು ಸೇಫ್ಟಿ ಪಿನ್ ಚುಚ್ಚಿ ನಾಲ್ಕಾರು ಸಾಲಿಗೊಮ್ಮೆ ಮೇಲಕ್ಕೆ ಏರಿಸ್ತಾ ಹೋಗಿ.

ಧಾರವಾಡದಾಕಿ:

ಎಲ್ಲಾ ಖರೇ ಅದ, ಆದ್ರ ಕಡ್ಡಿ ಕಡೆ ನೋಡೇ ಇಲ್ಲಲ್ರಿ ಕಡ್ಡಿರಂಗ ಮೇಡಂ. ಅಕ್ಕಾರ, ನೀವು ಅಮೆರಿಕಾದ ಪ್ಯಾಟರ್ನ್ ಅಂತೀರಿ, 6 ನಂಬರ್ ಕಡ್ಡಿ ಅಂತೀರಿ. ಆ 6 ಯಾವ 6 ರೀ? ನಮ್ಮ ಅಂಗಡ್ಯಾಗ ಸಿಗೋ ಅಲ್ಯೂಮಿನಿಯಂ ಕಡ್ಡಿ ತಲಿಮ್ಯಾಲ ಇರೋ ನಂಬರ್ ಹಳೇ ಬ್ರಿಟಿಷ್ ಲೆಕ್ಕದ್ದು, ಅದರಾಗ ನಂಬರ್ ಏರಿದಂಗ ಕಡ್ಡಿ ಸಣ್ಣ ಆಗ್ತದ. ಅಮೆರಿಕಾದ್ದು ಇದರ ಉಲ್ಟಾ, ನಂಬರ್ ಏರಿದಂಗ ದಪ್ಪ. ಅವರ 6 ಅಂದ್ರ 4 ಮಿ.ಮೀ. ನಮ್ಮ 6 ಅಂದ್ರ 5 ಮಿ.ಮೀ. ನಿಮಗ ಬೇಕಾದ 4 ಮಿ.ಮೀ. ಕಡ್ಡಿ ನಮ್ಮ ಅಂಗಡ್ಯಾಗ 8 ನಂಬರ್ ಅಂತ ಸಿಗ್ತದ. ಇನ್ನೂ ದೊಡ್ಡ ಫಜೀತಿ ಅಂದ್ರ 10 ನಂಬರ್, ನಮ್ಮಲ್ಲಿ ಅದು 3.25 ಮಿ.ಮೀ., ಅವರಲ್ಲಿ 6 ಮಿ.ಮೀ., ಹೆಚ್ಚುಕಡಿಮಿ ಎರಡು ಪಟ್ಟು. ನಂಬರ್ ಬಿಟ್ಟುಬಿಡ್ರಿ, ಮಿ.ಮೀ. ಅಷ್ಟ ಕೇಳ್ರಿ.

5 ಮಿ.ಮೀ. ಕಡ್ಡ್ಯಾಗ ಮನಿ ಉಲ್ಲನ್ ಹೆಣದ್ರ ಸಡಿಲ ಬಂದೇ ಬರ್ತದ, ನಿಮ್ಮ ತೂತಿನ ಅರ್ಧ ಪಾಲು ಅದರದ್ದ.

ಇನ್ನೊಂದು ಮಾತು, ಕೇಳಿದ್ದಿಲ್ಲ ಆದ್ರೂ ಹೇಳ್ತೇನಿ. ಉಳಿದ ಉಂಡಿ ಅಂದ್ರ ಎಲ್ಲಾ ಬಣ್ಣದ್ದು ಇರ್ತಾವ. ಅಂಚಿಂದ ಎತ್ತಿ ಎತ್ತಿ ಹೆಣೀತಾ ಹೋದ್ರ ಯಾವ ಬಣ್ಣದ ಬಾಜೂಕ ಯಾವ ಬಣ್ಣ ಬಂತು ಅನ್ನೋದು ಮುಗದ ಮ್ಯಾಲ ಗೊತ್ತಾಗ್ತದ, ಆಗ ಒಂದು ಚೌಕ ತಗದು ಆಚೆ ಇಡಲಿಕ್ಕೆ ಬರೂದಿಲ್ಲ. ನಾನಂತೂ ಎಲ್ಲಾ ಚೌಕ ಬ್ಯಾರೆ ಬ್ಯಾರೆ ಹೆಣದು, ಚಾಪಿ ಮ್ಯಾಲ ಹರವಿ, ಎರಡು ದಿನ ಹೋಗ್ತಾ ಬರ್ತಾ ನೋಡಿ, ಅದಲು ಬದಲು ಮಾಡಿ, ಆಮ್ಯಾಲ ಹೊಲೀತೇನಿ. ಹೊಲಿಯೂದು ಅಂದ್ರ ಎಲ್ಲಾರೂ ಯಾಕ ಓಡ್ತಾರೋ.

ಕಡ್ಡಿರಂಗ:

ನಾನು ಮೇಡಂ ಅಲ್ಲ, ಸರ್. ಸರ್ ಕೂಡ ಬೇಡ, ರಂಗ ಅನ್ನಿ ಸಾಕು. ಕಡ್ಡಿ ನಂಬರ್ ವಿಷಯ ನನಗೆ ಹೊಳೀಲೇ ಇಲ್ಲ, ಅದು ನೂರಕ್ಕೆ ನೂರು ಸರಿ. ಹೊಲಿಗೆ ವಿಷಯಕ್ಕೆ ಒಪ್ಪಲ್ಲ.

ಹೆಣಿಗೆಹುಚ್ಚಿ:

ಅಯ್ಯೋ ಹೌದು, ಕಡ್ಡಿ ಮೇಲೆ 6 ಅಂತಿತ್ತು, ತಂದುಬಿಟ್ಟೆ! ಮನೇಲೇ ಹಳೇ 8 ನಂಬರ್ ಜೋಡಿ ಇತ್ತು, ಅದರಲ್ಲಿ ಎಲ್ಲಾ ಸಾಲೂ ಸೀದಾ ಹಾಕಿ ಒಂದು ಚೌಕ ಮಾಡಿದೆ, ರಂಗ ಅವರೇ, ಚೌಕ ಅಂದ್ರೆ ಚೌಕ, ನಾಲ್ಕು ಮಡಿಕೆ ಮಡಿಸಿದ್ರೂ ಅಂಚಿಗೆ ಅಂಚು ಕೂಡುತ್ತೆ. ಸ್ಕೇಲ್ ಇಟ್ಟು ನೋಡಿದ್ರೆ ಒಂಬತ್ತೂವರೆ ಸೆಂ.ಮೀ. ಆದ್ರೆ ಅಂಚಿಂದ ಎತ್ತೋದು ಇನ್ನೂ ಗೋಜಲು, ಅಂಚಲ್ಲಿ ಗಂಟು ಗಂಟಾಗಿದೆ, ಎಲ್ಲಿ ಚುಚ್ಚಿದ್ರೂ ಒಂದೊಂದು ಥರ ಬರುತ್ತೆ.

ಮ್ಯೂನಿಕ್ ಮಲ್ಲಿಗೆ:

ಈ ಅಂಚು ಇದೆಯಲ್ಲ, ಈ ಸ್ಕಾರ್ಫ್‌ನ ಪೂರ್ತಿ ಹಣೆಬರಹ ಅದರಲ್ಲೇ ಇರೋದು, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ. ನಾನಿರೋ ಕಡೆ ಇದನ್ನ ಡಾಮಿನೊ ಹೆಣಿಗೆ ಅಂತಾರೆ, ಸಾಕ್ಸ್ ಹೆಣೆದು ಉಳಿದ ದಾರ ಖಾಲಿ ಮಾಡೋಕೆ ಎಲ್ಲರೂ ಮಾಡೋದು ಇದನ್ನೇ.

ನೀವು ಪ್ರತಿ ಸಾಲಿನ ಮೊದಲ ಸ್ಟಿಚ್‌ನೂ ಹೆಣೀತಾ ಇದೀರ ಅನ್ಸುತ್ತೆ, ಗಂಟು ಗಂಟು ಬರೋದು ಅದಕ್ಕೇ. ಇನ್ಮೇಲೆ ಮೊದಲ ಸ್ಟಿಚ್ ಹೆಣೀಬೇಡಿ, ದಾರ ಮುಂದೆ ಇಟ್ಕೊಂಡು, ಉಲ್ಟಾ ಹಾಕೋ ಹಾಗೆ ಕಡ್ಡಿ ಚುಚ್ಚಿ, ಸುಮ್ನೆ ದಾಟಿಸಿ, ಆಮೇಲೆ ದಾರ ಎರಡು ಕಡ್ಡಿ ನಡುವಿಂದ ಹಿಂದಕ್ಕೆ ತಗೊಂಡು ಮಿಕ್ಕಿದ್ದು ಸೀದಾ. ಎರಡೂ ಬದಿ ಹೀಗೇ. ಆಗ ಅಂಚಲ್ಲಿ ಒಂದು ಸರಪಳಿ ಏಳುತ್ತೆ, ಎರಡು ಸಾಲಿಗೆ ಒಂದು ಕೊಂಡಿ, ಅಂದ್ರೆ ಒಂದು ಏಣಿಗೆ ಒಂದು ಕೊಂಡಿ. 41 ಸ್ಟಿಚ್ ಅಂದ್ರೆ ಆ ಕಡೆ 20, ನಡುವೆ 1, ಈ ಕಡೆ 20. ಒಂದು ಸ್ಟಿಚ್ ಉಳಿಯೋವರೆಗೆ 20 ಸಲ ಕಳೀತೀರಿ, ಹಾಗಾಗಿ 20 ಏಣು, 20 ಕೊಂಡಿ. ಪ್ಯಾಟರ್ನ್‌ನಲ್ಲಿ 20 ಎತ್ತಿ ಅಂತ ಬರೆದಿರೋದು ಈ ಲೆಕ್ಕದ ಮೇಲೆ. ಒಂದು ಕೊಂಡಿಗೆ ಒಂದು ಸ್ಟಿಚ್, ಬಿಡೋದೂ ಇಲ್ಲ, ಒಂದರಲ್ಲಿ ಎರಡು ಎತ್ತೋದೂ ಇಲ್ಲ. 31 ಹಾಕಿ ಚಿಕ್ಕ ಚೌಕ ಮಾಡಿದ್ರೆ 15, 51 ಹಾಕಿದ್ರೆ 25, ಒಂದು ಕಳೆದು ಅರ್ಧ ಮಾಡಿ ಅಷ್ಟೇ. 

ಈಗ ಎರಡನೇ ಚೌಕ. ಮೊದಲನೇದು ಮುಗಿದು ಕಡ್ಡೀಲಿ ಒಂದೇ ಸ್ಟಿಚ್ ಉಳಿದಿದೆ, ದಾರ ಕತ್ತರಿಸ್ಬೇಡಿ. ಚೌಕನ ಸೀದಾ ಬದಿ, ಅಂದ್ರೆ ಮುಂಬದಿ, ನಿಮ್ಮ ಕಡೆ ಬರೋ ಹಾಗೆ, ಆ ಉಳಿದ ಸ್ಟಿಚ್ ಮೇಲಿನ ಬಲಮೂಲೇಲಿ ಇರೋ ಹಾಗೆ ಹಿಡೀರಿ. ಅದೇ ಒಂದನೇ ಸ್ಟಿಚ್. ಅಲ್ಲಿಂದ ಎಡಕ್ಕೆ ಮೇಲಂಚಿನ ಕೊಂಡಿಗಳಿಂದ 19 ಎತ್ತಿ, ಒಟ್ಟು 20 ಆಯ್ತು. ಅಂಚು ಮುಗಿಯೋ ಎಡಮೂಲೇಲಿ 1 ಎತ್ತಿ, ಅದು ಹೊಸ ಚೌಕದ ನಡು ಸ್ಟಿಚ್, ಪಿನ್ ಚುಚ್ಚಿ. ಈಗ ಕೆಲಸ ತಿರುಗಿಸ್ಕೊಂಡು ಹೊಸದಾಗಿ 20 ಹಾಕ್ಕೊಳ್ಳಿ, ಮತ್ತೆ 41. ತಿರುಗಿಸಿರೋದ್ರಿಂದ ಹಿಂಬದಿ ಸಾಲು ಅಲ್ಲಿಂದಲೇ ಶುರು. ಹೊಸ ಸ್ಟಿಚ್ ಹಾಕೋವಾಗ ಬೆರಳಿಗೆ ದಾರ ಸುತ್ತಿ ಕಡ್ಡಿಗೆ ಏರಿಸೋ ಸುಲಭದ ಕುಣಿಕೆ ಬೇಡ, ಜೋಲು ಬೀಳುತ್ತೆ, ಸ್ಕಾರ್ಫ್‌ನ ಹೊರಗಿನ ಅಂಚು ಅದೇ ಆಗೋದ್ರಿಂದ ಕಣ್ಣಿಗೆ ಹೊಡೆಯುತ್ತೆ. ಎರಡು ಸ್ಟಿಚ್ ನಡುವೆ ಕಡ್ಡಿ ತೂರಿಸಿ ದಾರ ಎಳೆದು ಎಡಗಡ್ಡಿಗೆ ಹಾಕೋ ವಿಧಾನ ಗಟ್ಟಿ.

ಇದರಲ್ಲಿ ಚಂದ ಏನು ಗೊತ್ತಾ, ಪ್ರತಿ ಚೌಕ ಬಲಮೂಲೇಲೇ ಮುಗಿಯುತ್ತೆ, ಮುಂದಿನದು ಅಲ್ಲಿಂದಲೇ ಶುರುವಾಗುತ್ತೆ, ಹಾಗಾಗಿ ತಾನಾಗೇ ಬಣ್ಣ ಬದಲಾಗ್ತಾ ಹೋಗೋ ದಾರ ಇದ್ರೆ ಕೆಳಗಿಂದ ಮೇಲೆವರೆಗೂ ಒಂದು ಸಲಾನೂ ಕತ್ತರಿಸೋ ಅಗತ್ಯವೇ ಇಲ್ಲ. ಇಲ್ಲಿ ಸಾಕ್ಸ್ ದಾರ ಹಾಗೇ ಬರುತ್ತೆ, ಮುಕ್ಕಾಲು ಉಣ್ಣೆ ಕಾಲು ನೈಲಾನ್, 100 ಗ್ರಾಂ ಉಂಡೇಲಿ ಸುಮಾರು 420 ಮೀಟರ್. ನಿಮ್ಮದು ಬಿಡಿ ಬಣ್ಣ, ಕತ್ತರಿಸ್ಲೇಬೇಕು. ಆಗ ಉಳಿದ ಆ ಒಂದು ಸ್ಟಿಚ್‌ನ ಹೊಸ ಬಣ್ಣದ ದಾರದಲ್ಲೇ ಒಮ್ಮೆ ಹೆಣೆದು ಮುಂದುವರೀರಿ, ಇಲ್ಲಾಂದ್ರೆ ಹೊಸ ಚೌಕದ ಮೂಲೇಲಿ ಹಳೇ ಬಣ್ಣದ ಒಂದು ಚುಕ್ಕೆ ಕೂತುಬಿಡುತ್ತೆ.

ಒಂದೇ ಸಾಲು ಚೌಕ ಇಟ್ರೆ ಸ್ಕಾರ್ಫ್ ಒಂಬತ್ತೂವರೆ ಸೆಂ.ಮೀ. ಅಗಲ, ಟೈ ಥರ ಕಾಣುತ್ತೆ. ಎರಡು ಸಾಲು ಮಾಡಿ. ಮೊದಲ ಸಾಲು ಪೂರ್ತಿ ಮುಗಿಸಿ, ಆಮೇಲೆ ಅದರ ಬಲಗಡೆಗೆ ಎರಡನೇ ಸಾಲು. ಎರಡನೇ ಸಾಲಿನ ಎರಡನೇ ಚೌಕದಿಂದ ಮುಂದಕ್ಕೆ ಹೊಸದಾಗಿ ಸ್ಟಿಚ್ ಹಾಕೋದೇ ಇರಲ್ಲ, ಕೆಳಗಿನ ಚೌಕದ ಮೇಲಂಚಿಂದ 20, ಮೂಲೆ 1, ಪಕ್ಕದ ಚೌಕದ ಬಲಗಡೆ ಅಂಚಿಂದ 20.

ನಿಮ್ಮ ತೂತು ಬರೋದು ಆ ಮೂಲೆ 1 ಎತ್ತೋ ಜಾಗದಲ್ಲೇ. ಮೂರು ಚೌಕ ಅಲ್ಲಿ ಸೇರುತ್ತಲ್ಲ, ಸಹಜವಾಗಿ ಒಂದು ಸಂದಿ ಇರುತ್ತೆ, ಕಡ್ಡಿ ಸಲೀಸಾಗಿ ಹೋಗುತ್ತೆ ಅಂತ ಎಲ್ಲರೂ ಆ ಸಂದಿಗೇ ಚುಚ್ತಾರೆ, ಸಂದಿ ಇನ್ನೂ ಅಗಲ ಆಗುತ್ತೆ. ಸಂದಿ ಬಿಟ್ಟು ಅದರ ಪಕ್ಕದ ಗಟ್ಟಿ ಎಳೆಗೆ ಚುಚ್ಚಿ. ಆಗ್ಲೂ ಬಂದ್ರೆ ಸಂದಿಯ ಆಚೆಗೊಂದು ಈಚೆಗೊಂದು ಎರಡು ಎತ್ತಿ, ಹಿಂಬದಿ ಸಾಲಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿಬಿಡಿ, ತೂತು ಮುಚ್ಚಿಹೋಗುತ್ತೆ.

ಹೆಣಿಗೆಹುಚ್ಚಿ:

ಮಲ್ಲಿಗೆ ಅಕ್ಕ ನಿಮಗೆ ದೊಡ್ಡ ನಮಸ್ಕಾರ, ಒಂದು ಕಳೆದು ಅರ್ಧ ಅಂತ ಯಾರೂ ಹೇಳಿರ್ಲಿಲ್ಲ. ಎರಡು ಚೌಕ ಸೇರಿಸಿದೆ, ಸರಿಯಾಗಿ 20 ಸಿಕ್ತು. ಆದ್ರೆ ತಿರುಗಿಸಿ ನೋಡಿದ್ರೆ ಹಿಂದೆ ಸೇರಿಸಿದ ಕಡೆ ಒಂದು ದಪ್ಪ ಏರು ಬಂದಿದೆ. ಸ್ವೆಟರ್ ಆಗಿದ್ರೆ ಒಳಗಡೆ ಅಂತ ಬಿಡಬಹುದಿತ್ತು, ಸ್ಕಾರ್ಫ್ ಅಂದ್ರೆ ಎರಡೂ ಮುಖ ಕಾಣುತ್ತಲ್ಲ?

ಕ್ರೋಶಾ ರಾಣಿ:

ಇಷ್ಟೆಲ್ಲ ಯಾಕೆ ತಲೆಬಿಸಿ, ಕ್ರೋಶಾದಲ್ಲಿ ಗ್ರ್ಯಾನಿ ಸ್ಕ್ವೇರ್ ಮಾಡಿ, ಒಂದೇ ಕಡ್ಡಿ, ಹತ್ತು ನಿಮಿಷಕ್ಕೊಂದು ಚೌಕ 😀

ಕಡ್ಡಿರಂಗ:

ಬಂದ್ರಪ್ಪಾ. ರಾಣಿ ಮೇಡಂ, ಅದಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ನಿಮ್ಮದೇ ರಾಜ್ಯ.

ಮ್ಯೂನಿಕ್ ಮಲ್ಲಿಗೆ:

ಹಿಂಬದಿ ಏರು ಬರೋದು ಕೊಂಡಿಯ ಎರಡೂ ಎಳೆ ಕೆಳಗಿಂದ ಎತ್ತಿದಾಗ. ಪೂರ್ತಿ ಕೊಂಡಿ ಹಿಂದಕ್ಕೆ ಮಗುಚಿ ಕೂರುತ್ತೆ. ಹಿಂದಿನ ಒಂದೇ ಎಳೆಗೆ ಚುಚ್ಚಿ ಎತ್ತಿದ್ರೆ ಹಿಂಬದಿ ಸಪಾಟು, ಮುಂದಿನ ಎಳೆ ಸೀದಾ ಬದೀಲಿ ಸಣ್ಣ ಗೆರೆ ಥರ ಉಳಿಯುತ್ತೆ, ಅದು ಚೌಕಕ್ಕೆ ಚೌಕಟ್ಟು ಹಾಕಿದ ಹಾಗೆ ಚೆನ್ನಾಗೇ ಕಾಣುತ್ತೆ. ಆದ್ರೆ ಕೈ ಬಿಗಿ ಇರಬೇಕು, ಒಂದೇ ಎಳೆ ಅಲ್ವಾ, ಸಡಿಲ ಇದ್ರೆ ಎಳೆದುಕೊಂಡು ಸಾಲಾಗಿ ಜಾಲರಿ ಥರ ಆಗುತ್ತೆ. ಅಂಚಿನ ಸ್ಟಿಚ್ ದಾಟಿಸಿ ಆದ್ಮೇಲೆ ಮುಂದಿನ ಸ್ಟಿಚ್ ಹೆಣೆಯೋವಾಗ ದಾರ ಒಂದು ಸಲ ಬಿಗಿಯಾಗಿ ಎಳೀರಿ. ಇನ್ನೊಂದು, ಬಣ್ಣ ಬದಲಾಗೋ ಜಾಗದಲ್ಲಿ ಹಿಂಬದೀಲಿ ಚುಕ್ಕೆ ಚುಕ್ಕೆ ಸಾಲು ಕಾಣಿಸೇ ಕಾಣಿಸುತ್ತೆ, ಗಾರ್ಟರ್‌ನಲ್ಲಿ ಅದನ್ನ ತಪ್ಪಿಸೋಕಾಗಲ್ಲ, ಎರಡೆರಡು ಸಾಲಿಗೆ ಬಣ್ಣ ಬದಲಾಯಿಸಿ ಪಟ್ಟೆ ಹಾಕಿದ್ರಂತೂ ಹಿಂಬದಿ ಪೂರ್ತಿ ಚುಕ್ಕೆಮಯ. ಒಂದು ಚೌಕಕ್ಕೆ ಒಂದೇ ಬಣ್ಣ ಇಟ್ರೆ ಸೇರಿಸೋ ಕಡೆ ಮಾತ್ರ ಇರುತ್ತೆ.

ಧಾರವಾಡದಾಕಿ:

ನೋಡ್ರಿ, ಇದಕ್ಕ ನಾ ಹೊಲೀರಿ ಅಂದದ್ದು. ಆ ಸರಪಳಿ ಅಂಚು ಹೊಲಿಗಿಗೂ ಛಲೋ. ಎರಡು ಚೌಕ ಬಾಜೂಕ ಬಾಜೂಕ ಇಟ್ಟು ಹೊರಗಿನ ಎಳಿ ಅಷ್ಟ ಹಿಡದು ಒಂದಕ್ಕ ಒಂದು ಹೊಲದ್ರ ಎರಡೂ ಕಡೆ ಸಪಾಟ, ಯಾವದು ಮುಂದ ಯಾವದು ಹಿಂದ ಗೊತ್ತಾಗೂದಿಲ್ಲ. ಮೊಂಡ ಮೂತಿ ದಬ್ಬಣ ತಗೋರಿ, ಚೂಪಿಂದು ಎಳಿ ಸೀಳ್ತದ.

ಮತ್ತ ದಾರದ ತುದಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ಎರಡು ಸಾಲು, ಸುಮಾರು 160 ಸೆಂ.ಮೀ. ಉದ್ದ ಅಂದ್ರ ಒಂಬತ್ತೂವರೆ ಲೆಕ್ಕದಾಗ 17 ಚೌಕ, ಎರಡು ಸಾಲಿಗೆ 34. ಚೌಕಕ್ಕ ಎರಡು ತುದಿ, 68 ತುದಿ. ಕೊನೀಗೆ ಕೂತು 68 ತುದಿ ಒಳಗ ಸೇರಸ್ತೇನಿ ಅಂದ್ರ ಆ ಸ್ಕಾರ್ಫ್ ಕಪಾಟಿನ್ಯಾಗ ಉಳೀತದ, ನಿಮ್ಮ ಅತ್ತಿ ಕೊರಳಿಗೆ ಬರೂದಿಲ್ಲ.

ಕಡ್ಡಿರಂಗ:

68 ಲೆಕ್ಕ ಸರಿ, ಹೊಲಿದ್ರೆ ಹೊಲಿಗೆ ದಾರದ ತುದಿ ಬೇರೆ ಸೇರ್ಕೊಳ್ಳುತ್ತೆ ಅನ್ನೋದು ಮರೆತ್ರಿ! ತುದಿಗಳನ್ನ ಹೆಣೀತಾ ಹೆಣೀತಾನೇ ಮುಚ್ಚಬಹುದು. ಹೊಸ ದಾರ ಶುರು ಮಾಡಿ ಅಂಚಿಂದ ಸ್ಟಿಚ್ ಎತ್ತೋವಾಗ ಹಳೇ ತುದಿ ಹೊಸ ತುದಿ ಎರಡನ್ನೂ ಅಂಚಿಗೆ ಒತ್ತಿ ಹಿಡಿದು, ಒಂದು ಸ್ಟಿಚ್‌ಗೆ ತುದಿ ಮೇಲೆ, ಇನ್ನೊಂದಕ್ಕೆ ಕೆಳಗೆ, ಹೀಗೆ ಎಂಟು ಹತ್ತು ಸ್ಟಿಚ್ ಎತ್ತಿದ್ರೆ ತುದಿ ಒಳಗೇ ಸಿಕ್ಕಿಕೊಳ್ಳುತ್ತೆ. ಆಮೇಲೆ ಎಳೆದು ನೋಡಿ ಕತ್ತರಿಸೋದಷ್ಟೇ. ಕತ್ತರಿಸೋದು ಒಂದು ಸಲ ಒಗೆದ ಮೇಲೆ ಇಟ್ಕೊಳ್ಳಿ, ಅಷ್ಟರಲ್ಲಿ ದಾರ ಕೂತಿರುತ್ತೆ.

ಬಣ್ಣದ ಮಾತು ಮಾತ್ರ ಒಪ್ತೀನಿ. ಅದಕ್ಕೆ ಹೊಲಿಗೆ ಬೇಕಿಲ್ಲ, ಮಕ್ಕಳ ಗಣಿತದ ಚೌಕುಳಿ ಹಾಳೆ ತಗೊಂಡು 2 ಮನೆ ಅಗಲ 17 ಮನೆ ಉದ್ದ ಗೆರೆ ಹಾಕಿ ಬಣ್ಣದ ಪೆನ್ಸಿಲ್‌ನಲ್ಲಿ ತುಂಬಿಸಿ, ಅಲ್ಲೇ ಅದಲು ಬದಲು ಮಾಡ್ಕೊಳ್ಳಿ. ಯಾವುದೋ ಒಂದು ಬಣ್ಣ, ಬೂದಿನೋ ಕಪ್ಪೋ, ಒಂದು ಬಿಟ್ಟು ಒಂದು ಮನೆಗೆ ಬರೋ ಹಾಗೆ ಮಾಡಿದ್ರೆ ಮಿಕ್ಕಿದ ಬಣ್ಣ ಏನೇ ಇದ್ರೂ ಹೊಂದಿಕೊಳ್ಳುತ್ತೆ, ಅದೊಂದನ್ನ ಹೊಸದಾಗಿ ಕೊಂಡ್ರೂ ತಪ್ಪಿಲ್ಲ.

ಅದಕ್ಕಿಂತ ಮುಖ್ಯ, ನಿಮ್ಮ ದಿಂಬಿನ ಕವರ್‌ನಲ್ಲಿ ಇರೋದೆಲ್ಲ ಒಂದೇ ಜಾತಿ ದಾರವಾ? ದಪ್ಪ ಎಲ್ಲ ಒಂದೇನಾ?

ಹೆಣಿಗೆಹುಚ್ಚಿ:

ದಪ್ಪ ಬೇರೆ ಬೇರೆ ಇದೆ, ಕೆಲವು ಮಗು ಸ್ವೆಟರ್ ಹೆಣೆದ ತೆಳು ದಾರ. ಎಲ್ಲಾ ಉಲ್ಲನ್ನೇ ಅನ್ಕೊಂಡಿದೀನಿ.

ಕಡ್ಡಿರಂಗ:

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡೋದ್ರಲ್ಲಿ ಬಹುಪಾಲು ಅಕ್ರಿಲಿಕ್, ಅಂದ್ರೆ ಕೃತಕ ದಾರ. ಹಳೇ ಉಂಡೆಗಳಲ್ಲಿ ನಿಜವಾದ ಉಣ್ಣೆಯೂ ಇರಬಹುದು, ಲೇಬಲ್ ಹೋಗಿರುತ್ತೆ. ಪ್ರತಿ ಉಂಡೆಯಿಂದ ಎರಡು ಇಂಚು ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ನಿಂತು ತುದಿಗೆ ಬೆಂಕಿ ಕೊಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಉರಿ ತಾನೇ ಆರುತ್ತೆ, ಬೂದಿ ಬೆರಳಲ್ಲಿ ತಿಕ್ಕಿದ್ರೆ ಪುಡಿ. ಅಕ್ರಿಲಿಕ್ ಆದ್ರೆ ಕರಗಿ ತೊಟ್ಟಿಕ್ಕುತ್ತೆ, ತಣ್ಣಗಾದ್ಮೇಲೆ ಗಟ್ಟಿ ಕಪ್ಪು ಉಂಡೆ. ಕರಗಿದ್ದು ಕೈಗೆ ತಾಗಿದ್ರೆ ಚರ್ಮಕ್ಕೆ ಅಂಟ್ಕೊಳ್ಳುತ್ತೆ, ಹುಷಾರು, ಮಕ್ಕಳು ಹತ್ರ ಇದ್ರೆ ಬೇಡ.

ಎರಡನ್ನೂ ಒಂದೇ ಸ್ಕಾರ್ಫ್‌ಗೆ ಹಾಕ್ಬೇಡಿ. ಉಣ್ಣೆ ಚೌಕ ಬಿಸಿನೀರಲ್ಲಿ ಉಜ್ಜಿ ಒಗೆದ್ರೆ ಕುಗ್ಗಿ ದಟ್ಟ ಆಗುತ್ತೆ, ಅಕ್ರಿಲಿಕ್ ಚೌಕ ಹಾಗೇ ಇರುತ್ತೆ, ಸ್ಕಾರ್ಫ್ ಅಲ್ಲಲ್ಲಿ ಸುಕ್ಕು ಹಿಡಿದು ಎಳೆದ ಹಾಗೆ ಆಗುತ್ತೆ. ಯಾವುದು ಜಾಸ್ತಿ ಇದೆಯೋ ಅದರಲ್ಲಿ ಮಾಡಿ. ತೆಳು ದಾರ ಇದ್ರೆ ಎರಡು ಎಳೆ ಸೇರಿಸಿ ಹೆಣೀರಿ, 4 ಪ್ಲೈ ಎರಡು ಎಳೆ ಸೇರಿದ್ರೆ ಹೆಚ್ಚುಕಮ್ಮಿ 8 ಪ್ಲೈ ದಪ್ಪ. ಎರಡು ಬೇರೆ ಬಣ್ಣದ ಎಳೆ ಸೇರಿಸಿದ್ರೆ ಕಲಸಿದ ಹಾಗೆ ಮೂರನೇ ಬಣ್ಣ ಸಿಗುತ್ತೆ, ನನಗೆ ಅದು ಬಿಡಿ ಬಣ್ಣಕ್ಕಿಂತ ಇಷ್ಟ.

ಮುಗಿದ ಮೇಲೆ ಚೌಕ ಎಲ್ಲ ನೆಟ್ಟಗೆ ಕೂರಿಸೋದೂ ದಾರದ ಮೇಲೇ ಹೋಗುತ್ತೆ. ಉಣ್ಣೆ ಆದ್ರೆ ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡ್ದೆ ಟವಲ್‌ನಲ್ಲಿ ಸುತ್ತಿ ಒತ್ತಿ, ಹಾಸಿಗೆ ಮೇಲೆ ಹರವಿ ಮೂಲೆ ಮೂಲೆಗೆ ಪಿನ್ ಚುಚ್ಚಿ ಒಣಗಲು ಬಿಡಿ. ಅಕ್ರಿಲಿಕ್‌ಗೆ ಇದರಿಂದ ಏನೂ ದೊಡ್ಡ ವ್ಯತ್ಯಾಸ ಆಗಲ್ಲ, ಇಸ್ತ್ರಿಪೆಟ್ಟಿಗೆ ತಾಗಿಸದೆ ಒಂದಿಂಚು ಮೇಲೆ ಹಿಡಿದು ಬರೀ ಹಬೆ ಕೊಡಿ. ತಾಗಿಸಿದ್ರೋ, ಗಾರ್ಟರ್‌ನ ಏಣೆಲ್ಲ ಸತ್ತು ಚಪ್ಪಟೆ ಆಗಿ ಜೋತುಬೀಳುತ್ತೆ, ಮತ್ತೆ ಏನು ಮಾಡಿದ್ರೂ ಏಳಲ್ಲ.

ದುರ್ಗದ ಹುಡುಗ:

ಸುಮ್ನೆ ಓದ್ತಾ ಇದ್ದೆ, ಒಂದು ಡೌಟು. ನಮ್ಮ ಕಡೆ ಚಳ್ಳಕೆರೆ ಸುತ್ತಮುತ್ತ ಕಂಬಳಿ ನೇಯೋರ ಹತ್ರ ಕೈಯಲ್ಲಿ ನೂತ ಕುರಿ ಉಣ್ಣೆ ದಾರ ಸಿಗುತ್ತೆ, ಕಪ್ಪು, ಬೂದು. ಅದರಲ್ಲಿ ಇದು ಆಗುತ್ತಾ? ರಂಗಣ್ಣ ಹೇಳಿದ ಆ ಕಪ್ಪು ಬಣ್ಣಕ್ಕೆ?

ಮ್ಯೂನಿಕ್ ಮಲ್ಲಿಗೆ:

ಹೆಣೆಯೋಕೆ ಆಗುತ್ತೆ, ಕೊರಳಿಗೆ ಆಗಲ್ಲ. ದಖನಿ ಕುರಿ ಉಣ್ಣೆ ಒರಟು, ಕೂದಲು ಜಾಸ್ತಿ, ಕಂಬಳಿಗೆ ಆ ಗುಣವೇ ಬೇಕು, ಸ್ಕಾರ್ಫ್‌ಗೆ ಅದೇ ಚುಚ್ಚುತ್ತೆ. ಅದೇ ಚೌಕ ಸೇರಿಸಿ ಕೂರೋಕೆ ಆಸನ ಮಾಡಿ ನೋಡಿ, ಕಪ್ಪು ಬೂದು ಒಂದು ಬಿಟ್ಟು ಒಂದು, ಭರ್ಜರಿ ಬರುತ್ತೆ.

ಹೆಣಿಗೆಹುಚ್ಚಿ:

ಸುಟ್ಟು ನೋಡಿದೆ, ಬಹುತೇಕ ಎಲ್ಲಾ ಅಕ್ರಿಲಿಕ್, ಎರಡೇ ಉಂಡೆ ಉಣ್ಣೆ, ಅದನ್ನ ಬೇರೆ ಇಟ್ಟೆ. ಇನ್ನು ದಾರ ಸಾಲುತ್ತಾ ಅನ್ನೋದು ಹೇಗೆ ತಿಳಿಯೋದು? ಅರ್ಧ ಚೌಕಕ್ಕೆ ಒಂದು ಬಣ್ಣ ಮುಗಿದುಹೋದ್ರೆ?

ಧಾರವಾಡದಾಕಿ:

ತೂಕ ಮಾಡ್ರಿ. ಒಂದು ಚೌಕ ಅಡಿಗಿಮನಿ ತಕ್ಕಡಿ ಮ್ಯಾಲ ಇಡ್ರಿ, ನಿಮ್ಮ ಅಳತಿಗೆ 6-7 ಗ್ರಾಂ ಬರಬಹುದು. ಸಣ್ಣ ತಕ್ಕಡಿ ಇಲ್ಲಾಂದ್ರ ನಾಕು ಚೌಕ ಒಮ್ಮೆ ಇಟ್ಟು ಭಾಗಿಸ್ರಿ. ಆಮ್ಯಾಲ ಪ್ರತಿ ಉಂಡಿ ತೂಗಿ, 20 ಗ್ರಾಂ ಇತ್ತಂದ್ರ ಎರಡು ಚೌಕ ಖಾತ್ರಿ, ಮೂರನೇದಕ್ಕ ಕೈ ಹಾಕಬ್ಯಾಡ್ರಿ. 34 ಚೌಕಕ್ಕ ಒಟ್ಟು ಕಾಲು ಕೆ.ಜಿ. ಹತ್ರ ಹೋಗ್ತದ. ಇನ್ನ ಅರ್ಧಕ್ಕ ಮುಗದ್ರ ಏನೂ ಆಗೂದಿಲ್ರಿ, ಮೈಟರ್ಡ್ ಚೌಕದ ಮೊದಲ ಸಾಲು ಎಲ್ಲಾಕ್ಕಿಂತ ಉದ್ದ, ಕೊನೀದು ಒಂದು ಸ್ಟಿಚ್. ಅದಕ್ಕ ಮೊದಲಿನ ಆರು ಏಣಿನೊಳಗ ಅರ್ಧ ದಾರ ಹೋಗಿರ್ತದ. ಮುಗಿಯೂ ಹಂಗ ಕಂಡ್ರ ಏಣಿನ ಕಡೀಕ ನಿಲ್ಲಿಸಿ ಒಳಗಿನ ಮೂಲಿಗೆ ಬ್ಯಾರೆ ಬಣ್ಣ ಹಾಕ್ರಿ, ಚೌಕದೊಳಗ ಸಣ್ಣ ಚೌಕ ಬರ್ತದ. ಹಂಗ ಐದಾರು ಕಡೆ ಬೇಕಂತ ಮಾಡಿದ್ರ ಯಾರೂ ದಾರ ಸಾಲಲಿಲ್ಲ ಅನ್ನೂದಿಲ್ಲ.

ಮ್ಯೂನಿಕ್ ಮಲ್ಲಿಗೆ:

ಆ ಲೆಕ್ಕ ಹೌದು. ಚೌಕದ ಅಳತೆ ಬದಲಾಯಿಸಿದ್ರೆ ಮಾತ್ರ ಹೊಸದಾಗಿ ತೂಗಿ, 41 ಬದಲು 31 ಹಾಕಿದ್ರೆ ದಾರ ಮುಕ್ಕಾಲು ಪಾಲು ಸಾಕು ಅನ್ಸುತ್ತೆ ಆದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಬೇಕಾಗೋದು, ಅಗಲ ಎತ್ತರ ಎರಡೂ ಕಮ್ಮಿ ಆಗುತ್ತಲ್ಲ. ಒಂದೇ ಸ್ಕಾರ್ಫ್‌ನಲ್ಲಿ ಎರಡು ಅಳತೆ ಬೇಡ, 15 ಕೊಂಡಿಯ ಅಂಚಿಗೆ 20 ಸ್ಟಿಚ್ ಕೂರಲ್ಲ.

ಹೆಣಿಗೆಹುಚ್ಚಿ:

ಧಾರವಾಡದಕ್ಕ, ಚೌಕದೊಳಗೆ ಚೌಕ ಮಾಡಿದೆ, ಹಳದಿ ಒಳಗೆ ಕೆಂಪು, ಅತ್ತೆ ನೋಡಿ ಎಲ್ಲವೂ ಹಂಗೇ ಮಾಡು ಅಂತ ಹಟ ಹಿಡಿದಿದಾರೆ, ಆಗ ತುದಿ 68 ಅಲ್ಲ ಅದರ ಎರಡು ಪಟ್ಟು, ಒಪ್ಕೊಂಡಿಲ್ಲ ಇನ್ನೂ. ಮೊದಲ ಸಾಲು 17 ಮುಗಿಯೋಕೆ ಬಂತು. ಕೊನೇ ಪ್ರಶ್ನೆ, ಎರಡನೇ ಸಾಲಿನ ಮೊಟ್ಟಮೊದಲ ಚೌಕಕ್ಕೆ ಕೆಳಗೆ ಏನೂ ಇರಲ್ಲ, ಪಕ್ಕ ಮಾತ್ರ ಇರುತ್ತೆ, ಅಲ್ಲಿ ಎಲ್ಲಿಂದ ಶುರು ಮಾಡೋದು?

ಮ್ಯೂನಿಕ್ ಮಲ್ಲಿಗೆ:

ಅಲ್ಲಿ ಮೊದಲು ಹೊಸ 20 ಹಾಕ್ಕೊಳ್ಳಿ, ಅದು ಕೆಳಗಿನ ಅಂಚು. ಆಮೇಲೆ ಸ್ಕಾರ್ಫ್‌ನ ಸೀದಾ ಬದಿ ನಿಮ್ಮ ಕಡೆ ಇಟ್ಕೊಂಡು ಮೊದಲ ಚೌಕದ ಕೆಳಗಿನ ಬಲಮೂಲೆಯಿಂದ 1, ಅಲ್ಲಿಂದ ಮೇಲಕ್ಕೆ ಅದರ ಬಲಗಡೆ ಅಂಚಿನ ಕೊಂಡಿಗಳಿಂದ 20. ತಿರುಗಿಸಿ ಹಿಂಬದಿ ಸಾಲು. ಮುಗಿದಾಗ ಉಳಿದ ಸ್ಟಿಚ್ ಮೇಲಿನ ಬಲಮೂಲೇಲಿ ಇದ್ರೆ ಸರಿಯಾಗಿದೆ ಅಂತ ಅರ್ಥ, ಒಳಗಡೆ ಮೂಲೇಲಿ ಬಂದಿದ್ರೆ ಎತ್ತಿದ್ದು ಉಲ್ಟಾ ಬದಿಯಿಂದ, ಆ ಒಂದು ಚೌಕ ಬಿಚ್ಚಿ ಮತ್ತೆ ಹಾಕಿ.